ಫಿಲೋಮಿನಮ್ಮನ ಕುರ್ಚಿಗಳಿಗೆ ವಾರಸುದಾರರಿದ್ದಾರೆ

ಫುಟ್‌ಪಾತ್ ತೆರವು ವಿಭಾಗದ ಮಾನ್ಯ ಅಧಿಕಾರಿಗಳೇ,

ವಾರಸುದಾರರಿಲ್ಲದ ಸಾಮಾನುಗಳನ್ನು ಮುಂದಿನ ವಾರ ಹರಾಜು ಹಾಕುವುದಾಗಿ ನಿಮ್ಮ ಕಚೇರಿಯ ಗೋಡೆಗೆ ನೋಟಿಸ್ ಅಂಟಿಸಿದ್ದೀರಿ. ನಜರ್‌ಬಾದಿನ ನಮ್ಮ ಬೀದಿಯಿಂದ ಲಾರಿಗೆ ತುಂಬಿಕೊಂಡು ಹೋದ ಪ್ಲಾಸ್ಟಿಕ್ ಕುರ್ಚಿಗಳೂ ಅದರಲ್ಲಿ ಸೇರಿವೆ. ಅವುಗಳಿಗೆ ವಾರಸುದಾರರಿಲ್ಲವೆಂದು ನಿಮಗೆ ಯಾರು ಹೇಳಿದರು ಸ್ವಾಮಿ? ಅವನ್ನು ಕೂಡಿಸಿಟ್ಟವರು ಹೋದ ತಿಂಗಳು ತೀರಿಕೊಂಡರು, ನಿಜ. ಇಡೀ ಬೀದಿಯವರು ನಾವಿನ್ನೂ ಬದುಕಿದ್ದೇವೆ.

ತೀರಿಕೊಂಡವರು ಫಿಲೋಮಿನಮ್ಮ, ಎಂಬತ್ತರ ಹತ್ತಿರದ ಹೆಂಗಸು. ಮಗು ಹುಟ್ಟಿತೆಂದೋ ಮದುವೆಯಾಯಿತೆಂದೋ ಯಾರಾದರೂ ಸಿಹಿ ಕೊಡಲು ಹೋದರೆ, ನನಗೆ ಶುಗರಿದೆ, ಅದರ ಬದಲು ಒಂದು ಕುರ್ಚಿ ತಂದುಕೊಡು ಎನ್ನುತ್ತಿದ್ದರು. ಸಂತೋಷದ ಮನೆಗಳಿಂದ ಹೀಗೆ ವಸೂಲಿ ಮಾಡಿದ ಕುರ್ಚಿಗಳನ್ನು ವರಾಂಡದಲ್ಲಿ ಪೇರಿಸಿಟ್ಟು, ಬೀದಿಯಲ್ಲಿ ಸಾವಾದಾಗ ಬಂದವರು ಕೂರಲೆಂದು ತಾವೇ ಆ ಮನೆಯ ಮುಂದೆ ಹಾಕಿಸುತ್ತಿದ್ದರು. ಸತ್ತವರು ಚರ್ಚಿಗೆ ಹೋಗುವವರೋ ಗುಡಿಗೆ ಹೋಗುವವರೋ ಎಂದು ಕೇಳಿದವರಲ್ಲ. ನಮ್ಮಪ್ಪ ಹೋದ ದಿನ ನಾನು ಬಾಗಿಲಲ್ಲಿ ನಿಂತು, ಅಳುತ್ತಾ ಬಂದವರಿಗೆಲ್ಲ ಸಮಾಧಾನ ಹೇಳುತ್ತಿದ್ದೆ. ಫಿಲೋಮಿನಮ್ಮ ನನ್ನ ಭುಜ ಅದುಮಿ ಕುರ್ಚಿಯಲ್ಲಿ ಕೂರಿಸಿದರು. "ಕೂತ್ಕೊ ಕಣಮ್ಮ. ಅಳಬೇಕಾದೋಳು ನೀನು, ಬಂದೋರಲ್ಲ" ಎಂದರು. ಆಮೇಲೆಯೇ ನನಗೆ ಅಳು ಬಂದದ್ದು. ಆ ಹೆಂಗಸಿನ ಋಣ ನಾನು ತೀರಿಸಲಾರೆ.

ಈ ಬೇಸಿಗೆಯಲ್ಲಿ ಪಕ್ಕದ ಮನೆಯ ದೇವಯ್ಯನವರು ತೀರಿಕೊಂಡಾಗ ನಿಮ್ಮ ಲಾರಿ ಬಂತು. ಹೆಣ ಇನ್ನೂ ಒಳಗಿತ್ತು. ನಿಮ್ಮವರು ಮುದುಕರನ್ನು ಎಬ್ಬಿಸಿ, ಅವರು ಕೂತಿದ್ದ ಕುರ್ಚಿಗಳನ್ನೇ ಎಳೆದುಕೊಂಡರು. ರಸ್ತೆ ಒತ್ತುವರಿಯಂತೆ! ಪಾಪ, ದೇವಯ್ಯನವರು ತಮ್ಮಿಂದ ಪೂರ್ವಾನುಮತಿ ಪಡೆದು ಸಾಯಬೇಕಿತ್ತು. ಅದೇ ರಸ್ತೆಯ ತುದಿಯ ಬಾರಿನ ಮುಂದೆ ಅಡ್ಡಾದಿಡ್ಡಿ ನಿಲ್ಲುವ ಕಾರುಗಳು ತಮ್ಮ ಕಣ್ಣಿಗೆ ಬೀಳುವುದಿಲ್ಲವೇ? ಫಿಲೋಮಿನಮ್ಮ ಲಾರಿಗೆ ಅಡ್ಡ ನಿಂತು, "ಹೆಣ ಎತ್ತೋ ಗಂಟ ಬುಡಿ ಸಾರ್, ಆಮೇಲೆ ನಾನೇ ತೆಗೆಸ್ತೀನಿ" ಎಂದು ಕೈಮುಗಿದರು. ನಿಮ್ಮವರು ಮೇಲಿನವರ ಆರ್ಡರ್ ಎಂದರು. ಆ ಮೇಲಿನವರು ತಾವೇ ಅಲ್ಲವೇ?

ಆಮೇಲೆ ಫಿಲೋಮಿನಮ್ಮ ನಿಮ್ಮ ಕಚೇರಿಗೆ ಅಲೆದರು. ಕುರ್ಚಿ ಕೊಂಡ ಬಿಲ್ ತನ್ನಿ ಎಂದಿರಿ. ಮೊಮ್ಮಗಳ ನಾಮಕರಣಕ್ಕೆಂದು ಕೊಟ್ಟ ಕುರ್ಚಿಗೆ ಯಾರು ಬಿಲ್ ಇಟ್ಟುಕೊಂಡಿರುತ್ತಾರೆ? ನಿಮ್ಮ ಗೇಟಿನೊಳಗೆ ಬಿಸಿಲಿಗೆ ಬಿದ್ದಿದ್ದ ಕುರ್ಚಿಗಳನ್ನು ನೋಡಿಕೊಂಡು ವಾಪಸ್ ಬರುತ್ತಿದ್ದರು. ಬರಬರುತ್ತಾ ಹೋಗುವುದನ್ನೇ ಬಿಟ್ಟರು.

ಅವರೇ ತೀರಿಹೋದ ದಿನ ಬೀದಿಯಲ್ಲಿ ಒಂದೂ ಕುರ್ಚಿ ಇರಲಿಲ್ಲ. ಬಾಡಿಗೆಗೆ ತರೋಣವೆಂದರೆ ಶಾಮಿಯಾನದ ಚಂದ್ರು, ನಿಮ್ಮ ಬೀದಿಗೆ ಲಾರಿ ಬರುತ್ತೆ, ಕೊಡಲ್ಲ ಎಂದುಬಿಟ್ಟ. ಮನೆಮನೆಯಿಂದ ಸ್ಟೂಲು ತರಲೂ ಜನಕ್ಕೆ ಭಯ. ಅವರ ಮಗಳು ಸ್ಟೆಫಿ ಬೆಳಗಿನಿಂದ ಸಂಜೆ ಪೆಟ್ಟಿಗೆ ಎತ್ತುವವರೆಗೂ ನಿಂತೇ ಇದ್ದಳು. ಬಂದವರು ಅವಳ ಹೆಗಲಿಗೊರಗಿ ಅತ್ತರು, ಅವಳು ಅವರ ಬೆನ್ನು ಸವರಿದಳು. ಅವಳಿಗೆ ಅಳಲು ಪುರುಸೊತ್ತೇ ಸಿಗಲಿಲ್ಲ.

ಹರಾಜು ನಿಲ್ಲಿಸಿ, ಕುರ್ಚಿಗಳನ್ನು ವಾಪಸ್ ಕಳಿಸಿ ಎಂಬುದು ನಮ್ಮ ಒತ್ತಾಯ. ತಾವು ಕಳಿಸುತ್ತೀರೆಂಬ ಭ್ರಮೆ ನನಗಿಲ್ಲ. ಈ ಪತ್ರಕ್ಕೂ ಬಿಲ್ ಕೇಳಿದರೆ ಆಶ್ಚರ್ಯವಿಲ್ಲ. ಆದರೆ ದೇವಯ್ಯನವರ ಹೆಂಡತಿ ಸಿದ್ದಲಿಂಗಮ್ಮನವರು ಈಗ ಹಾಸಿಗೆ ಹಿಡಿದಿದ್ದಾರೆ. ಡಾಕ್ಟರು ಮನೆಗೆ ಕರೆದುಕೊಂಡು ಹೋಗಿ ಎಂದಿದ್ದಾರೆ. ನಿನ್ನೆ ಅವರ ಸೊಸೆ ವಾಣಿ ನನ್ನನ್ನು ಪಕ್ಕಕ್ಕೆ ಕರೆದು, "ಅತ್ತೆ ಹೋದ್ರೆ ಬಂದೋರನ್ನ ಎಲ್ಲಿ ಕೂರಿಸ್ಲಿ ಅಕ್ಕಾ?" ಎಂದು ಕೇಳಿದಳು. ಅವಳಿಗೆ ಏನು ಹೇಳಲಿ, ತಾವೇ ತಿಳಿಸಿ.

ಇಂತಿ, ನಿಂತೇ ಇರುವ ಬೀದಿಯವರ ಪರವಾಗಿ,
ಚೂಡಾಮಣಿ, ಹೊಲಿಗೆಯವಳು
ನಜರ್‌ಬಾದ್, ಮೈಸೂರು