ಹೆಗಲ ಮೇಲಿನ ಕೈ

ಊರಿಗಾಂ
ಜೂನ್ ೧೪, ೨೦೨೫

ಪ್ರೀತಿಯ ನಾಗೇಶ್ ಮಾವನಿಗೆ,

ಹೇಗಿದ್ದೀಯ? ಮದನಪಲ್ಲಿಯ ಸಾರು ಬಲು ಖಾರ ಎಂದು ಅಮ್ಮನಿಗೆ ಚಿಂತೆ; ಹೊಟ್ಟೆ ಸರಿಯಿದೆಯಾ? ಇಪ್ಪತ್ತು ದಿನದಿಂದ ನೀನು ಫೋನ್ ಎತ್ತಿಲ್ಲ. ನನ್ನ ಮೇಲೆ ಸಿಟ್ಟು ಮಾಡಿಕೊಂಡು ಟೊಮೆಟೊ ಲಾರಿ ಓಡಿಸಲು ಆಂಧ್ರಕ್ಕೆ ಹೋದವನಿಗೆ ಕಾಗದ ಬರೆಯದೆ ಇನ್ನೇನು ಮಾಡಲಿ? ಹಗಲು ಹೊತ್ತಿನಲ್ಲಿ ಓದು. ಅಮ್ಮ ಚೆನ್ನಾಗಿದ್ದಾಳೆ. ಈಗ ಸಂಜೆಯಾಗುವ ಮೊದಲೇ ಗೋಡೆ ಸವರಿಕೊಂಡು ನಡೆಯುತ್ತಾಳೆ, ಆದರೂ ಮುದ್ದೆ ಕಟ್ಟುವುದರಲ್ಲಿ ಅವಳನ್ನು ಮೀರಿಸುವವರಿಲ್ಲ.

ನಿನ್ನನ್ನು ಮದುವೆಯಾಗುವುದಿಲ್ಲ ಎಂದು ಅವತ್ತು ಎಲ್ಲರೆದುರು ಹೇಳಿದ್ದನ್ನೇ ಇಲ್ಲೂ ಬರೆಯುತ್ತಿದ್ದೇನೆ. ಒಂದಕ್ಷರ ಹಿಂದಕ್ಕೆ ತೆಗೆದುಕೊಳ್ಳುವುದಿಲ್ಲ. “ಇಲಿ ಕೊಯ್ಯೋ ಕೈಯಿಂದ ನಂಗೆ ಮುದ್ದೆ ಬ್ಯಾಡ ಬುಡು” ಎಂದು ನೀನು ಎದ್ದು ಹೋದೆ. ನನಗೆ ನಗು ಬಂತು, ಸುಳ್ಳೇಕೆ ಹೇಳಲಿ. ನಿನ್ನಮ್ಮ, ನಮ್ಮಜ್ಜಿ, ನಗಲಿಲ್ಲ. “ಅಕ್ಕನ ಮಗಳ್ನ ತಂದ್ಕೊಳ್ಳೋದು ನಮ್ಮನೇಲಿ ಇವತ್ತಿಂದಾ? ಇಲಿ ಕಣ್ ನೋಡ್ಕಂಡು ಪದ್ದತಿ ಬುಡಕ್ಕಾಯ್ತದೇನೇ?” ಎಂದಳು. ಆಗುತ್ತದೆ ಮಾವ. ನಾನು ಬಿಟ್ಟಿದ್ದೇನೆ.

ದಿನಾ ಮಾರಿಕುಪ್ಪಂ ರೈಲು ಹಿಡಿದು ಬೆಂಗಳೂರಿನ ಲ್ಯಾಬಿನಲ್ಲಿ ನಾನು ಮಾಡುವ ಕೆಲಸ ಏನೆಂದು ನೀವ್ಯಾರೂ ಕೇಳಲಿಲ್ಲ. ಈಗ ಕೇಳು. ಕಣ್ಣಿನ ಹಿಂಬದಿಯಲ್ಲಿ ಬೆಳಕು ಹಿಡಿಯುವ ನರದ ತೆಳು ಪರದೆಯಿದೆ. ಅದಕ್ಕೆ ಸಕ್ಕರೆ ಎಷ್ಟು ಕೊಟ್ಟರೂ ಸಾಲದು, ಅಷ್ಟು ಹೊಟ್ಟೆಬಾಕ. ನಮ್ಮ ಇಲಿಗಳಲ್ಲಿ ಒಂದು ಜೀನ್ ಕೆಡಿಸಿದ್ದಾರೆ. ಹಾಗಾಗಿ ಎದುರಿಗೆ ಊಟವಿದ್ದೂ ಆ ಪರದೆಗೆ ಉಣ್ಣಲು ಬರುವುದಿಲ್ಲ. ಮಬ್ಬಿನಲ್ಲಿ ನೋಡಲು ಬೇಕಾದ ಜೀವಕೋಶಗಳು ಮೊದಲು ಸಾಯುತ್ತವೆ. ತಾಯಿಯಿಂದ ಒಂದು, ತಂದೆಯಿಂದ ಒಂದು, ಎರಡೂ ಕೆಟ್ಟ ಜೀನ್ ಬಂದ ಮರಿಗೆ ಮಾತ್ರ ಈ ಗತಿ. ಅಂಥ ಮರಿಗಳು ಬೇಕೆಂದರೆ ನಾವೇನು ಮಾಡುತ್ತೇವೆ ಗೊತ್ತೇ? ಒಂದೇ ವಂಶದ ಇಲಿಗಳನ್ನು ಒಂದೇ ಪಂಜರಕ್ಕೆ ಬಿಡುತ್ತೇವೆ. ಆ ಪಂಜರದ ಚೀಟಿ ಬರೆಯುವವಳು ನಾನೇ.

ತಾತನಿಗೆ ಇರುಳುಗುರುಡು ಬಂದದ್ದು ನಂದಿದುರ್ಗ ಚಿನ್ನದ ಗಣಿಯ ಕತ್ತಲಿನಿಂದ ಎಂದು ನೀವೆಲ್ಲ ನಂಬಿದ್ದೀರಿ. ಅಮ್ಮ ಯಾವ ಗಣಿಗೆ ಇಳಿದಿದ್ದಳು? ಅಜ್ಜಿಯೂ ತಾತನ ಅಕ್ಕನ ಮಗಳೇ. ಅದು ಯಾರಿಗೂ ಹೊಳೆಯಲಿಲ್ಲ. ಹೋದ ವರ್ಷ ಅಮ್ಮನ ರಕ್ತ ಪರೀಕ್ಷೆ ಮಾಡಿಸಿದೆ. ಅದೇ ಜೀನ್. ಅಪ್ಪ ಹೊರಗಿನ ಸಂಬಂಧವಾದ್ದರಿಂದ ನನ್ನ ಕಣ್ಣು ಉಳಿಯಿತು, ಆದರೂ ಅಮ್ಮನ ಪಾಲು ನನ್ನೊಳಗೆ ಇದ್ದೇ ಇದೆ. ಅದನ್ನು ತಾತನಿಂದ ನಿನಗೆ ಬಂದ ಪಾಲಿನ ಜೊತೆ ಸೇರಿಸಿ ಒಂದು ಮಗುವಿಗೆ ಕೊಡಲಾರೆ. ಅಜ್ಜಿ ಅನ್ನ ನೀರು ಬಿಟ್ಟು ಕೂತರೂ ಸರಿ, ನೆಂಟರೆಲ್ಲ ಮುಖ ತಿರುಗಿಸಿದರೂ ಸರಿ.

ಅಮ್ಮ ನಿನಗೆ ಆಶೀರ್ವಾದ ಹೇಳಿದ್ದಾಳೆ. ನನ್ನ ನಮಸ್ಕಾರವೂ ಇದೆ, ಜಗಳದ ಸಮೇತ.

ಎಂದೆಂದಿಗೂ ನಿನ್ನ ಅಕ್ಕನ ಮಗಳಷ್ಟೇ ಆಗಿರುವ
ಕಲ್ಪನ

ತಾ.ಕ.: ಟಪಾಲು ಎತ್ತುವ ಹೊತ್ತಾಯಿತು, ಗೀಚುತ್ತಿದ್ದೇನೆ. ಹೋದ ತಿಂಗಳು ಮುಸ್ಸಂಜೆಯಲ್ಲಿ ಬಂಗಾರಪೇಟೆ ಸ್ಟೇಷನ್ನಿನ ಮೇಲ್ಸೇತುವೆ ಇಳಿಯುವಾಗ ನೀನು ನನ್ನ ಹೆಗಲ ಮೇಲೆ ಕೈಯಿಟ್ಟೆ. ಹಿಂದೆ ಬರುತ್ತಿದ್ದ ಅಜ್ಜಿ ಅದನ್ನು ಪ್ರೀತಿ ಎಂದುಕೊಂಡು ಮದುವೆ ಮಾತು ಎತ್ತಿದಳು. ಅಮ್ಮ ದಿನಾ ನನ್ನ ಹೆಗಲ ಮೇಲೆ ಹಾಗೇ ಕೈಯಿಡುತ್ತಾಳೆ ಮಾವ. ಒಂದೊಂದು ಮೆಟ್ಟಿಲಿಗೂ ಬೆರಳು ಹಾಗೇ ಬಿಗಿಯಾಗುತ್ತದೆ. ಎಷ್ಟು ದಿನದಿಂದ ಮುಚ್ಚಿಟ್ಟಿದ್ದೀಯ? ಲಾರಿ ಕೀಲಿ ಇವತ್ತೇ ಯಜಮಾನನ ಕೈಗೆ ಕೊಡು. ಇಪ್ಪತ್ನಾಲ್ಕನೇ ತಾರೀಕು ಮಂಗಳವಾರ ಕಣ್ಣಾಸ್ಪತ್ರೆಯಲ್ಲಿ ನಿನ್ನ ಹೆಸರು ಬರೆಸಿದ್ದೇನೆ. ಬೆಳಗಿನ ರೈಲಿಗೆ ಅದೇ ಮೆಟ್ಟಿಲ ಕೆಳಗೆ ನಿಂತಿರುತ್ತೇನೆ. ನಿನ್ನ ತಾಳಿಗೆ ಕತ್ತು ಕೊಡುವುದಿಲ್ಲ. ಕೈಯಿಡಲು ಹೆಗಲಿದೆ, ಬಾ.