ಸೋರುವ ಕೊಳವೆಗೆ ಸಾಂಬ್ರಾಣಿ

ಕೊಳಚೆ ನೀರಿನಿಂದ ಗ್ಯಾಸು ತೆಗೆದು ನಮ್ಮ ಕ್ವಾರ್ಟರ್ಸಿನ ಒಲೆಗಳಿಗೆ ಹರಿಸುತ್ತಿರುವ ಮಾನ್ಯ ಅಧಿಕಾರಿಗಳೇ,

ತಮ್ಮ ಕೊಳವೆ ಸೋರುತ್ತಿದೆ. ಅದೂ ನನ್ನ ಮಗುವಿಗೆ ನೀರೆರೆಯುವ ಬಚ್ಚಲ ಗೋಡೆಯಲ್ಲಿ. ಇಂಗ್ಲಿಷಿನಲ್ಲಿ ಬರೆದು ತಿಳಿಸಿದ್ದಕ್ಕೆ, "ಶುದ್ಧೀಕರಿಸಿದ ನಮ್ಮ ಗ್ಯಾಸಿಗೆ ವಾಸನೆಯಿಲ್ಲ, ವಾಸನೆ ಬರುತ್ತಿದ್ದರೆ ಅದು ನಮ್ಮದಲ್ಲ" ಎಂದು ಉತ್ತರಿಸಿದಿರಿ. ಎಂಥ ತರ್ಕ! ವಾಸನೆ ಬಂದರೆ ನಿಮ್ಮದಲ್ಲ, ಬರದಿದ್ದರೆ ಸೋರಿಕೆಯೇ ಇಲ್ಲ. ಹಾಗಾದರೆ ಪಾಪ, ಆ ಗ್ಯಾಸು ಸೋರುವುದಾದರೂ ಹೇಗೆ, ಅರ್ಜಿ ಹಾಕಿಕೊಂಡೇ? ಮದರಾಸಿನಲ್ಲಿದ್ದೂ ತಮ್ಮ ಮನೆಗೆ ಕನ್ನಡ ಪತ್ರಿಕೆ ಬರುತ್ತದೆಂದು ಕೇಳಿ ಈ ಸಲ ಇಲ್ಲಿ ಬರೆಯುತ್ತಿದ್ದೇನೆ. ತಾವು ಓದದಿದ್ದರೂ ತಮ್ಮ ಮನೆಯವರು ಓದಿ ವಿಚಾರಿಸಿಕೊಂಡಾರು.

ತಾವು ಕಳಿಸಿದ ಇನ್‌ಸ್ಪೆಕ್ಟರು ಬಂದರು, ಬಾಯಲ್ಲಿ ಉರಿಯುವ ಸಿಗರೇಟಿನೊಂದಿಗೆ! ಬಾಗಿಲಲ್ಲೇ ನಿಂತು ಮೂಸಿ, "ಒಣ್ಣುಮಿಲ್ಲೇಮ್ಮಾ, ಸಾಕ್ಕಡೆ ನಾತ್ತಂ. ಸಾಂಬ್ರಾಣಿ ಪೋಡುಂಗೋ" ಎಂದರು. ಏನೂ ಇಲ್ಲವಂತೆ, ಚರಂಡಿಯ ನಾತವಂತೆ, ಸಾಂಬ್ರಾಣಿ ಹಾಕಬೇಕಂತೆ. ನಮ್ಮತ್ತೆ ಅಂಬುಜಮ್ಮನವರಿಗೆ ಇಷ್ಟೇ ಸಾಕಾಯಿತು. ಎಣ್ಣೆನೀರಾದ ಮಗುವನ್ನು ಸಾಂಬ್ರಾಣಿ ಹೊಗೆಗೆ ಹಿಡಿಯುವುದು ನಮ್ಮಲ್ಲಿ ಪದ್ಧತಿ. ವಾಸನೆ ಹೆಚ್ಚಿದಂತೆಲ್ಲ ಅವರು ಕೆಂಡವನ್ನೂ ಹೆಚ್ಚಿಸಿದರು. ಸೋರುವ ಗ್ಯಾಸಿನ ಪಕ್ಕದಲ್ಲಿ ಕೆಂಡ, ಕೆಂಡದ ಪಕ್ಕದಲ್ಲಿ ನನ್ನ ಹಾಲುಗೂಸು ಅಕ್ಕು! ಬಿ.ಎಸ್‌ಸಿ.ಯಲ್ಲಿ ಮೀಥೇನಿನ ಗುಣಗಳನ್ನು ಬಾಯಿಪಾಠ ಮಾಡಿದವಳಿಗೆ ನಿದ್ದೆ ಬಂದೀತೆ, ತಾವೇ ಹೇಳಿ.

"ಅತ್ತೇ, ಇಲ್ಲಿ ಕೆಂಡ ಬೇಡ" ಎಂದರೆ, "ನಿನ್ನ ಗಂಡನ್ನೂ ಹೀಗೇ ಬೆಳೆಸಿದ್ದು. ಅವನೇನು ಹೊತ್ತಿಕೊಂಡ್ನೇನೇ?" ಎನ್ನುತ್ತಿದ್ದರು. ಮೊನ್ನೆ ವಾದ ಬಿಟ್ಟು, ಅಂಟುವಾಳದ ನೊರೆಯನ್ನು ಕೊಳವೆಯ ಜಾಯಿಂಟಿಗೆ ಬಳಿದೆ. ಬುಳುಬುಳು ಗುಳ್ಳೆಗಳೆದ್ದವು.

"ಅಯ್ಯಯ್ಯೋ, ಇದೂ ಅಕ್ಕು ಹಾಗೇ ಜೊಲ್ಲು ಬಿಡ್ತಿದೆಯಲ್ಲೇ!"

"ಅದೇ ಅತ್ತೇ, ಗ್ಯಾಸು."

"ಇಷ್ಟು ದಿವಸ ಬಾಯಿಬಿಟ್ಟು ಹೇಳೋದಕ್ಕೇನಾಗಿತ್ತು ನಿಂಗೆ?"

ಮುಂದಿನದು ಇಲಾಖೆಗೆ ಸಂಬಂಧಿಸಿದ್ದು. ಅತ್ತೆಯವರು ಕೆಂಡವನ್ನು ಬೀದಿಗೆ ಒಯ್ದಿಟ್ಟು, ನಮ್ಮ ಸಾಲಿಗೆಲ್ಲ ಗ್ಯಾಸು ಬಿಡುವ ಹೊರಗಿನ ವಾಲ್ವನ್ನು ತಿರುಗಿಸಿ ಮುಚ್ಚಿದರು. ಅದಕ್ಕೊಂದು ಒದ್ದೆ ಮಡಿವಸ್ತ್ರ ಸುತ್ತಿ ಗಂಟು ಹಾಕಿದರು. ತಮ್ಮ ಇನ್‌ಸ್ಪೆಕ್ಟರು ಓಡಿಬಂದು ಅದನ್ನು ಬಿಚ್ಚಲು ಕೈಚಾಚಿದಾಗ, "ಮಡಿ! ತೊಡಾದೀಂಗೋ! ಮುಟ್ಟಬೇಡಿ!" ಎಂದು ಕೂಗಿದರು ನೋಡಿ, ಅವರು ಕೈಯನ್ನಷ್ಟೇ ಅಲ್ಲ, ಸಿಗರೇಟನ್ನೂ ಹಿಂದೆ ಬಚ್ಚಿಟ್ಟುಕೊಂಡರು. ಮಡಿಯ ವಿಷಯದಲ್ಲಿ ಅತ್ತೆಯವರೊಂದಿಗೆ ನನಗೆ ನೂರು ಜಗಳ. ಆದರೆ ತಮ್ಮ ಇಲಾಖೆಯ ಕಾನೂನಿಗಿಂತ ಅದು ಬೇಗ ಕೆಲಸ ಮಾಡಿತೆಂದು ಒಪ್ಪಲೇಬೇಕು. ಸಾಲಿನಲ್ಲೀಗ ಎಲ್ಲರಿಗೂ ಇದ್ದಲ ಒಲೆ, ಎಲ್ಲರ ಬೈಗುಳವೂ ನನಗೆ. ಪಕ್ಕದ ಮನೆಯ ಗುಣವತಿ ಮಾತ್ರ, "ಒಳ್ಳೇದೇ ಆಯ್ತು ಮಾರಾಯ್ತಿ, ನಮ್ಮವರ ಹೋಟ್ಲಿಂದ ದಿನಾ ಗೋಳಿಬಜೆ ಬರ್ತುಂಟು" ಎಂದು ನಗುತ್ತಾರೆ.

ಆದ್ದರಿಂದ ನನ್ನ ಒತ್ತಾಯವಿಷ್ಟು. ಆ ಜಾಯಿಂಟು ಬದಲಾಗಬೇಕು. ಮೂಗನ್ನು ನಂಬದೆ, ವಾಲ್ವು ಮುಚ್ಚಿದ್ದಂತೆಯೇ ಕೊಳವೆಗೆ ಪಂಪಿನಿಂದ ಗಾಳಿ ತುಂಬಿ, ಸಾಲಿನ ಪ್ರತಿಯೊಂದು ಜಾಯಿಂಟಿಗೂ ಸಾಬೂನು ನೀರು ಬಳಿದು ನೋಡಬೇಕು. ತಾವೇ ಖುದ್ದಾಗಿ ಬರಬೇಕು. ಒಂದು ಗುಳ್ಳೆಯೂ ಏಳದಿದ್ದರೆ ಅತ್ತೆಯವರು ತಮ್ಮೆದುರಿಗೇ ಗಂಟು ಬಿಚ್ಚುತ್ತಾರೆ. ಒಂದೆದ್ದರೂ, ಅವರ ಪೆಟ್ಟಿಗೆಯಲ್ಲಿ ಮಡಿವಸ್ತ್ರಗಳು ಇನ್ನೂ ಬೇಕಾದಷ್ಟಿವೆ.

ಇಂತಿ,
ಇದ್ದಲ ಹೊಗೆಗೆ ಕಣ್ಣುಜ್ಜಿಕೊಳ್ಳುತ್ತ, ತಮ್ಮ ದಾರಿ ಕಾಯುತ್ತಿರುವ ಗ್ಯಾಸಿಲ್ಲದ ಗ್ಯಾಸು ಗ್ರಾಹಕಿ,
ಸುಮತಿ ಬದರಿನಾಥ, ಮದರಾಸು