ಮಾಳಿಗೆಗೆ ಹೊಸ ಮೆಟ್ಟಿಲು

ಅನುಜಾ,

ಮಾಳಿಗೆಯ ದೇವರನ್ನು ನಾನಿರುವ ತನಕ ಕೆಳಗಿಳಿಸುವುದಿಲ್ಲ ಎಂದು ನಿನ್ನ ಅಜ್ಜನಿಗೆ ಮಾತು ಕೊಟ್ಟಿದ್ದೆ. ನೀನಾಗ ಹುಟ್ಟಿರಲಿಲ್ಲ.

ಬೆಳಿಗ್ಗೆ ಬಡಿಗ ಅವಧೂತ ಬಂದು ಗೆದ್ದಲು ತಿಂದ ಮೆಟ್ಟಿಲು ಕೀಳುತ್ತಾನೆ. ಅಷ್ಟರಲ್ಲಿ ನಾನು ಬಾರಾಮತಿ ಬಸ್ಸಿನಲ್ಲಿರುತ್ತೇನೆ, ಅವನಿಗೆ ನೀನೇ ಹೇಳಬೇಕು. ಕಬ್ಬಿಣದ್ದು ಬೇಡವೇ ಬೇಡ. ಸಾಗವಾನಿಯದೇ ಆಗಲಿ, ಮೊದಲಿನ ಹಾಗೆ ಕಡಿದಾಗಿಯೇ ಇರಲಿ. ಇಳಿಜಾರಾಗಿ ಮಾಡಿಸಲು ಈ ಹಳೇ ವಾಡೆಯಲ್ಲಿ ಜಾಗವಿಲ್ಲ. ಮತ್ತೆ ಮತ್ತೆ ಅಳೆಸಿ ನೋಡಿದೆ.

ಅಜ್ಜಿ ಮಡಿಯಲ್ಲಿದ್ದಾಗ ಮೆಟ್ಟಿಲಿಗೆ ಆಸರೆಯಾಗಿ ಕಟ್ಟಿದ, ನಾವೆಲ್ಲ ಮುಟ್ಟುವ ಹಗ್ಗ ಹಿಡಿಯುವುದಿಲ್ಲ, ನಿನ್ನ ಕೈಯನ್ನೂ ಹಿಡಿಯುವುದಿಲ್ಲ. ಹಾಗೆ ಪೂಜೆಗೆ ಹತ್ತಲು ಹೋಗಿಯೇ ಮೊನ್ನೆ ಜಾರಿದ್ದು. ಅವಳಿಗೆಂದೇ ಬೇರೆ ಹಗ್ಗ ಕಟ್ಟಿಸುತ್ತೇನೆ ಅಂದರೆ, “ಹಗ್ಗ ಮಡೀಲೆ ಇದ್ದೀತೋ ಮಧ್ವೇಶ, ಈ ಮೊಣಕಾಲು ನನ್ನ ಮಾತು ಕೇಳಬೇಕಲ್ಲ?” ಎಂದು ನಕ್ಕಳು. ನನಗೆ ನಗು ಬರಲಿಲ್ಲ.

ಅವಳು ಮಡಿಸ್ನಾನಕ್ಕೆ ಬಚ್ಚಲಿಗೆ ಹೋಗುವ ಮೊದಲೇ ಹೇಳಿಬಿಡು, ಇನ್ನು ಮೇಲೆ ಹತ್ತುವುದು ಬೇಡ ಅಂತ. ಸಿಟ್ಟಾದರೆ ನನ್ನ ಹೆಸರು ಹೇಳು. ಎಷ್ಟು ಯೋಚಿಸಿದರೂ ಬೇರೆ ದಾರಿ ಹೊಳೆಯಲಿಲ್ಲ ಮಗಳೇ.

ದೇವರನ್ನು ಇಳಿಸಿ ಅಡುಗೆಮನೆಯ ಮೂಲೆಯಲ್ಲಿಟ್ಟಿದ್ದೇನೆ. ಅಜ್ಜನಿಗೆ ಕೊಟ್ಟ ಮಾತಿಗೆ ತಪ್ಪಿದ್ದೇನೆ.

ಅಪ್ಪ